ಮೋಟರ್ ನಿಂತಿದ್ದ ಭಾನುವಾರ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಎಲೆಕ್ಟ್ರಿಷಿಯನ್ನರು ಕೂತಿದ್ದರು. ಕಿರಿಯವನ ತೊಡೆಯ ಮೇಲೆ ವೋಲ್ಟೇಜ್ ಅಳೆಯುವ ಮೀಟರಿನ ಚೀಲವಿತ್ತು. ಹಿರಿಯವನು ಅವನ ಅಕ್ಕನ ಗಂಡ ಎಂಬುದು ಮಾತಿನಲ್ಲೇ ತಿಳಿಯಿತು.

“ಭಾವ, ನಾನು ಲೆಕ್ಕ ಹಾಕಿದ್ದು ದಪ್ಪ ಕೇಬಲ್‌ಗೆ. ಫ್ಯಾಕ್ಟರೀಲಿ ಅಷ್ಟು ದೂರದ ಪ್ಯಾನೆಲ್‌ಗೆ ಸಣ್ಣದು ಎಳೆದ್ರೆ ವೋಲ್ಟೇಜ್ ಕುಸಿದು ಮೋಟರ್ ಸುಡತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?”

“ದಪ್ಪದ್ದು ಬರೋದು ತಡ ಆಗ್ತಿತ್ತು ಕಣೋ. ನೀನೇ ಬಂದು ಅಳೆದು, ಸರಿಯಾಗಿದೆ ಅಂತ ಸಹಿ ಹಾಕಿದೆಯಲ್ಲ.”

“ಭಾನುವಾರ ಕರೆದ್ರಿ. ಒಂದು ಮೋಟರೂ ಓಡ್ತಿರಲಿಲ್ಲ. ಲೋಡೇ ಇಲ್ಲದಾಗ ಅಳೆದ್ರೆ ನೂಲಿನಂಥ ತಂತೀಲೂ ವೋಲ್ಟೇಜ್ ಪೂರ್ತಿ ತೋರಿಸತ್ತೆ.”

“ಹಾಗಾದ್ರೆ ಮೋಟರ್ ಹಾಕ್ಸು ಅನ್ಬೇಕಿತ್ತು.”

“ಅಂದೆನಲ್ಲ! ಕೀ ಮ್ಯಾನೇಜರ್ ಹತ್ರ ಇದೆ, ದಪ್ಪ ಕೇಬಲ್ಲೇ ಎಳೆದಿದೀನಿ, ನನ್ನನ್ನೂ ನಂಬಲ್ವಾ ಅಂದ್ರಿ. ನಂಬಿದೆ. ಈಗ ಮೋಟರ್‌ಗಳು ಸುಟ್ಟು ಕೂತಿವೆ. ಎಲ್ರೂ ನನ್ನ ಮುಖಕ್ಕೆ ಉಗೀತಿದಾರೆ.”

“ಸ್ವಲ್ಪ ದಿನ ಸುಮ್ನಿರು, ತಣ್ಣಗಾಗತ್ತೆ.”

“ಇವತ್ತೇ ಅಕ್ಕನಿಗೆ ಹೇಳ್ತೀನಿ. ತಮ್ಮನ ಕುತ್ತಿಗೆ ಕುಯ್ದೆ ಅಂತ ಅವಳ ಮುಂದೆ ನೀವೇ ಒಪ್ಕೊಳ್ಳಿ.”

ಹಿರಿಯವನು ಕಿಟಕಿಯಾಚೆ ನೋಡಿದ.

“‘ಭಾನುವಾರ ಕರೀರಿ, ಮೋಟರ್ ನಿಂತಿರತ್ತೆ, ನೀವು ಹೇಳಿದ್ರೆ ಅವನು ಎರಡನೇ ಮಾತಾಡಲ್ಲ’ ಅಂದಿದ್ದು ಯಾರು ಅನ್ಕೊಂಡಿದೀಯ?”

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಕಿರಿಯವನು ಚೀಲ ಹೆಗಲಿಗೇರಿಸಿ ಬಾಗಿಲತ್ತ ನಡೆದ.

“ಎಲ್ಲಿಗೋ? ನಿಮ್ಮಕ್ಕ ನಿನಗೂ ಸೇರಿಸಿ ಅಡುಗೆ ಮಾಡ್ಕೊಂಡು ಕಾಯ್ತಿದಾಳೆ ಕಣೋ!”

ಅವನು ತಿರುಗಿಯೂ ನೋಡದೆ ಇಳಿದು ಹೋದ.