ಒಂದು ಭರಣಿಗೆ ಒಂದೇ ಕೈ

ಇದು ವಿರಾಜಪೇಟೆ ಬಳಿಯ ನಮ್ಮೂರು ಬಿಟ್ಟಂಗಾಲದಲ್ಲಿ, ನಮ್ಮ ಪಕ್ಕದ ಮನೆಯಲ್ಲೇ ನಡೆದದ್ದು. ದೆವ್ವ ಗಿವ್ವ ಇಲ್ಲ ಎನ್ನುವವರು ಎನ್ನಲಿ... ಆ ಮನೆಯ ಸೊಸೆ ಅನುಪಮಾಳೂ ಹಾಗೇ ಎನ್ನುತ್ತಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಬೇರೇನು ಅಂದಾಳು?

ಆ ರಾತ್ರಿ ಕೊನೆಯ ಬಸ್ಸಿಳಿದು, ಬಾವಿ ಬದಿಯ ಕಾಲುದಾರಿಯಲ್ಲಿ ಬರುತ್ತಿದ್ದಳು. ಗಂಡ ಸತೀಶ್ ತೀರಿಕೊಂಡು ಹನ್ನೆರಡನೇ ದಿನ. ಅವಳು ಅತ್ತಿರಲಿಲ್ಲ. ಸಾವಿಗೆ ಬಂದವರೆಲ್ಲ ಅದನ್ನು ಗಮನಿಸಿದ್ದರು. ಬಂದವರಿಗೆ ಬೇರೆ ಕೆಲಸವೇನು?

ಬಾವಿಯಾಚೆ ವೈನ್ ಮನೆ. ಸತೀಶನ ಅಜ್ಜನ ಕಾಲದಿಂದ ಅವರದು ವೈನಿನ ಕಸುಬು. ಕಿತ್ತಳೆ ರಸವನ್ನು ಭರಣಿಯಲ್ಲಿ ಹುದುಗಲು ಬಿಟ್ಟು ಇಪ್ಪತ್ತೊಂದು ದಿನ, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವಬೇಕು. ಒಂದು ಭರಣಿಗೆ ಒಂದೇ ಕೈ. ಕೈ ಬದಲಾದರೆ ಹುಳಿಯಾಗುತ್ತದಂತೆ. ಕೈಗೂ ಹುಳಿಗೂ ಸಂಬಂಧವಿಲ್ಲವೆಂದು ಅನುಪಮಾ ಮದುವೆಯಾದ ವರ್ಷವೇ ಹೇಳಿದ್ದಳು. ಯಾರೂ ಕೇಳಲಿಲ್ಲ. ಕೊನೆಯ ಭರಣಿಯನ್ನು ಸತೀಶ್ ಆರು ದಿನ ತಿರುವಿದ್ದ. ಆರನೇ ಸಂಜೆ ಅವನ ಬೈಕಿನ ಮೇಲೆ ಮರ ಬಿತ್ತು. ಆಮೇಲೆ ವೈನ್ ಮನೆಗೆ ಬೀಗ.

ಸರ್ರ್... ಟೊಕ್.

ಅವಳು ನಿಂತಳು.

ಸರ್ರ್... ಟೊಕ್.

ಹುದುಗುವ ರಸ ಗುಳುಗುಳು ಅನ್ನುತ್ತದೆ. ಸರಿ. ಆದರೆ ಅದು ಸೌಟನ್ನು ಭರಣಿಯ ಅಂಚಿಗೆ ಬಡಿಯುವುದಿಲ್ಲ.

ಬೀಗ ಹಾಕಿದ ಹಾಗೇ ಇತ್ತು. ಕಿಟಕಿಯ ಹತ್ತಿರ ಹೋದಳು. ಒಳಗೆ ಕತ್ತಲೆ. ಶಬ್ದ ನಿಂತಿತು.

“ಅನು...” ಪಿಸುಮಾತು. “ಇವತ್ತು ಎಷ್ಟನೇ ದಿನ? ನಂಗೆ ಲೆಕ್ಕ ತಪ್ಪಿಹೋಯ್ತು ಮಾರಾಯ್ತಿ.”

“ಹದಿನೇಳು.”

“ಹಾಗಾದ್ರೆ ಇನ್ನು ನಾಲ್ಕು. ಮುಗಿಸಿ ಹೊರಡ್ತೇನೆ.”

ಅವಳು ಮನೆಗೆ ಹೋದಳು. ಕೈಕಾಲು ತೊಳೆದಳು. ಊಟ ಮಾಡಿದಳು. ಹೆದರಿಕೆ ಬರಲಿಲ್ಲ. ಅಳುವೂ ಬರಲಿಲ್ಲ.

ಮರುದಿನ ಅದೇ ಹೊತ್ತಿಗೆ ಕಿಟಕಿಯ ಬಳಿ ನಿಂತಿದ್ದಳು.

“ಎಷ್ಟನೇ ದಿನ, ಅನು?”

ಹದಿನೆಂಟು ಅನ್ನಬೇಕಿತ್ತು. ಅಂದರೆ ಉಳಿಯುವುದು ಮೂರು.

“ಹದಿನೇಳು,” ಅಂದಳು.

“ಓ... ಹಾಗಾ.”

ಸರ್ರ್... ಟೊಕ್.

ಅದರ ಮರುದಿನವೂ ಹದಿನೇಳು. ಮುಂದಿನ ವಾರವೂ ಹದಿನೇಳು. ತಿಂಗಳಾದ ಮೇಲೆ ಒಂದು ರಾತ್ರಿ ಅತ್ತೆ ಪೂವಮ್ಮ ಸದ್ದಿಲ್ಲದೆ ಹಿಂದೆಯೇ ಬಂದರು. ಎಲ್ಲ ಕೇಳಿಸಿಕೊಂಡರು. ಸೊಸೆಯ ತೋಳು ಹಿಡಿದು ಬಾವಿಕಟ್ಟೆಯವರೆಗೆ ಎಳೆದುಕೊಂಡು ಬಂದರು.

“ಇಂಥದ್ದೆಲ್ಲ ನಂಬೋದಿಲ್ಲ ಅಂತಿದ್ದೆಯಲ್ಲ?”

“ಈಗಲೂ ನಂಬೋದಿಲ್ಲ.”

“ಮತ್ತೆ ಯಾರಿಗೆ ಸುಳ್ಳು ಹೇಳ್ತಿದ್ದೀ?”

“ಇಪ್ಪತ್ತೊಂದು ಅಂದ್ರೆ ಹೋಗಿಬಿಡ್ತಾರೆ ಅತ್ತೆ.”

“ಹೋಗ್ಲಿ ಬಿಡೇ. ಕೈ ನೋಯುವುದಿಲ್ವಾ ಅವನಿಗೆ? ನೀನು ಹೇಳದಿದ್ರೆ ನಾನೇ ಹೇಳ್ತೇನೆ.”

ಪೂವಮ್ಮ ಕಿಟಕಿಗೆ ಹೋಗಿ ನಿಂತರು. ಅನುಪಮಾ ತಡೆಯಲಿಲ್ಲ.

ಒಳಗೆ ಸೌಟು ನಿಂತಿತು.

“ಯಾರು... ಅಮ್ಮನಾ?”

ಪೂವಮ್ಮ ಕಿಟಕಿಯ ಸರಳು ಹಿಡಿದುಕೊಂಡರು.

“ಹ್ಞೂಂ, ಮಗ.”

“ಇವತ್ತು ಎಷ್ಟನೇ ದಿನ ಅಮ್ಮ?”

ಪೂವಮ್ಮ ಸೊಸೆಯ ಕಡೆ ತಿರುಗಿ ನೋಡಲಿಲ್ಲ.

“ಹದಿನೇಳು,” ಅಂದರು.

ಇದಾಗಿ ಎರಡು ವರ್ಷ. ಹೋದ ವಾರ ಸತೀಶನ ತಮ್ಮ ಪುನೀತ್ ಬೀಗ ತೆಗೆಸಿದ. ಹುಳಿ ಬಂದು ಹಾಳಾಗಿರುತ್ತದೆ, ಚೆಲ್ಲಿ ಭರಣಿ ತೊಳೆದಿಡೋಣ ಅಂತ. ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರೆ ಹುಳಿ ವಾಸನೆಯಿಲ್ಲ. ಕಿತ್ತಳೆಯ ಘಮ. ಸಕ್ಕರೆ ಅಳೆಯುವ ಗಾಜಿನ ಕೊಳವೆ ಇಳಿಸಿ ನೋಡಿದ. ಎರಡು ವರ್ಷ ಹುದುಗಿದ ರಸದಲ್ಲಿ ಸಕ್ಕರೆ ಇನ್ನೂ ಮುಗಿದಿರಲಿಲ್ಲ. ಹದಿನೇಳು ದಿನದ ರಸದಲ್ಲಿ ಎಷ್ಟಿರಬೇಕೋ ಅಷ್ಟೇ ಇತ್ತು. ಕೊಳವೆ ಕೆಟ್ಟಿರಬೇಕು ಎಂದು ವಿರಾಜಪೇಟೆಯಿಂದ ಹೊಸದು ತಂದು ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಇದರಲ್ಲಿ ಒಂದಕ್ಷರವೂ ಸೇರಿಸಿದ್ದಲ್ಲ. ಅನುಮಾನ ಇರುವವರು ಹೋಗಿ ಅಳೆದುಕೊಳ್ಳಲಿ. ಭರಣಿ ಅಲ್ಲೇ ಇದೆ.