ಒಂದಕ್ಕೆ ಹಾಕಿ ನೋಡಿದವಳು

...ನಗ್ತೀಯಾ? ನಗು, ನಗು. ನಗೋ ವಿಷಯಾನೇ ಅದು. ತೊಂಬತ್ಮೂರು ಜನ ಬರೆದ ಪರೀಕ್ಷೇಲಿ ಸರಿಯಾದ ಉತ್ತರ ಬರೆದವಳು ಒಬ್ಬಳೇ, ಅವಳೇ ಫೇಲು! ಗುಲು ಪೇಟೇಲಿ ಯಾರಿಗಾದ್ರೂ ಹೇಳಿದ್ರೆ, ಆ ಗಣಿತದ ಮೇಷ್ಟ್ರು ಒಚಿತ್ತಿಗೆ ತಲೆ ಕೆಟ್ಟಿದೆ ಅಂತ ನನ್ನನ್ನೇ ಆಡ್ಕೋತಾರೆ.

ಕೂತ್ಕೋ ಲನ್ಯೇರೊ. ಬಾಗಿಲಲ್ಲೇ ಯಾಕೆ ನಿಂತೆ? ಕಿತ್ಗುಮ್‌ನಿಂದ ಬಸ್ಸಲ್ಲೂ ನಿಂತೇ ಬಂದಿರ್ತೀಯ. ತಗೋ, ಬೇಯಿಸಿದ ಮರಗೆಣಸು ಇದೆ, ನೆಂಚಿಕೊಳ್ಳೋಕೆ ಎಳ್ಳು ಅರೆದಿದ್ದು... ಬೇಡ್ವಾ? ಹೋಗ್ಲಿ, ನೀರಾದ್ರೂ?

ಸರಿ. ಇದು ನಿನ್ನ ಉತ್ತರ ಪತ್ರಿಕೆ. ಕೈಗೆ ಕೊಡೋ ಹಾಗಿಲ್ಲ, ಆದ್ರೂ ನೋಡ್ಕೋ. ನಾಲ್ಕನೇ ಪ್ರಶ್ನೆ, ಹತ್ತು ಅಂಕ. ನಾನು ಕೇಳ್ಬೇಕು ಅಂದ್ಕೊಂಡಿದ್ದೇನು? ಯಾವ ಸಂಖ್ಯೆ ಬೇಕಾದ್ರೂ ತಗೊಂಡು, ಅದನ್ನ ಅದರಿಂದಲೇ ಗುಣಿಸಿ, ಮತ್ತೆ ಅದನ್ನೇ ಕೂಡಿಸಿದ್ರೆ ಬರೋದು ಸಮ ಸಂಖ್ಯೆ, ಇಂಡಕ್ಷನ್‌ನಿಂದ, ಮೊದಲು ಒಂದಕ್ಕೆ ತೋರಿಸಿ ಆಮೇಲೆ ಒಂದರಿಂದ ಮುಂದಿನದಕ್ಕೆ ಹತ್ತಿ, ಸಾಧಿಸಿ ಅಂತ. ಅಚ್ಚಾಗಿದ್ದೇನು? ಬೆಸ ಸಂಖ್ಯೆ! ಒಂದು ಪದ ಕಣಮ್ಮ, ಒಂದೇ ಪದ...

ಒಂದಕ್ಕೆ ಹಾಕಿ ನೋಡಿದ್ರೆ ಸಾಕಿತ್ತು. ಒಂದೊಂದ್ಲೆ ಒಂದು, ಅದಕ್ಕೊಂದು ಕೂಡಿಸಿದ್ರೆ ಎರಡು. ಎರಡು ಎಲ್ಲಿಯ ಬೆಸ? ಆದ್ರೆ ಅದೊಂದು ಬಿಟ್ಟು ಮುಂದಕ್ಕೆ ನೋಡು, ಎಷ್ಟು ಚೆಂದ ಹತ್ತುತ್ತೆ! ಒಂದು ಸಂಖ್ಯೆಗೆ ಬೆಸ ಬಂದ್ರೆ ಅದರ ಮುಂದಿನದಕ್ಕೂ ಬೆಸಾನೇ. ಆ ಭಾಗ ನಿಜ. ಮೊದಲ ಮೆಟ್ಟಿಲೇ ಇಲ್ಲದ ಏಣಿ ಅದು! ತೊಂಬತ್ತೆರಡು ಜನಾನೂ ಹತ್ತಿಬಿಟ್ರು. 'ಒಂದಕ್ಕೆ ಸ್ಪಷ್ಟವಾಗಿದೆ' ಅಂತ ಬರೆದು ಸೀದಾ ಮೇಲಕ್ಕೆ. ಸ್ಪಷ್ಟವಂತೆ!

ಹಾಗೆ ನೋಡ್ಬೇಡ. ಗೊತ್ತು, ಗೊತ್ತು, ಕಲಿಸಿದ್ದು ನಾನೇ. 'ಒಂದಕ್ಕೆ ಯಾವಾಗ್ಲೂ ಸರಿಯಾಗೇ ಇರುತ್ತೆ, ಅಲ್ಲಿ ಹೊತ್ತು ಕಳೀಬೇಡಿ' ಅಂದಿದ್ದು ಈ ಬಾಯೇ. ನೀನೊಬ್ಬಳು ನನ್ನ ಮಾತು ಕೇಳ್ಲಿಲ್ಲ. ಹಾಕಿ ನೋಡಿದೆ. 'ಒಂದಕ್ಕೆ ಎರಡು ಬರುತ್ತದೆ. ಎರಡು ಸಮ. ಹೇಳಿಕೆ ಸುಳ್ಳು.' ಅಷ್ಟೇ. ಅದಕ್ಕೆ ಸೊನ್ನೆ. ಒಟ್ಟು ನಲವತ್ನಾಲ್ಕು, ಪಾಸಿಗೆ ಐವತ್ತು. ಸರಕಾರದ ವಿದ್ಯಾರ್ಥಿವೇತನ ಹೋಯ್ತು, ಅದಿಲ್ದೆ ನೀನು ಓದು ಮುಂದುವರಿಸೋ ಹಾಗಿಲ್ಲ... ಗೊತ್ತು ಕಣಮ್ಮ.

ಆದ್ರೆ ನನ್ನ ಕೈಲೇನಿದೆ ಹೇಳು? ನಂಗೆ ಗೊತ್ತಾಗಿದ್ದೇ ಇವತ್ತು ಬೆಳಿಗ್ಗೆ! ಫಲಿತಾಂಶ ವಿಶ್ವವಿದ್ಯಾಲಯದ ಸೆನೆಟ್‌ಗೆ ಹೋಗಿ, ಸಹಿ ಬಿದ್ದು, ಮೊಹರು ಬಿದ್ದು ಬಂದಾಯ್ತು. ಇನ್ನು ದೇವರೇ ಬಂದ್ರೂ ತಿದ್ದೋಕಾಗಲ್ಲ. ವಿಭಾಗದ ಮುಖ್ಯಸ್ಥರ ಹತ್ರ ಎರಡು ಸಲ ಹೋಗಿ ಬಂದೆ... ಹೂಂ, ಒಳಗೆ ಹೋಗ್ಲಿಲ್ಲ. ಬಾಗಿಲವರೆಗೆ. ಏನಂತ ಹೋಗ್ಲಿ? ವರ್ಷ ವರ್ಷ ಕೈಕಾಲು ಹಿಡಿದು ಬರೆಸ್ಕೊಳ್ಳೋ ಗುತ್ತಿಗೆ ಕೆಲಸ ನಂದು...

ಏನಾದ್ರೂ ಅನ್ನು. ಬೈದ್ಬಿಡು. ನಮ್ಮ ಕಡೆ ದೊಡ್ಡೋರನ್ನ ಕರೆಯೋ ಹಾಗೆ 'ಲದಿತ್, ಇದ್ಯಾಕೆ? ಲದಿತ್, ಅದ್ಯಾಕೆ?' ಅಂತ ವರ್ಷವೆಲ್ಲ ನನ್ನ ಜೀವ ತಿಂದವಳು, ಇವತ್ತೇನು ಬಾಯಿಗೆ ಬೀಗ?

ಏನು ನೋಡ್ತಿದ್ದೀಯ? ಆ ಸೊನ್ನೆ ಪಕ್ಕದಲ್ಲಾ? ಅಲ್ಲೇನಿಲ್ಲ. ಕೆಂಪು ಪೆನ್ನು ಜಾರಿದ್ದು. ಕೊಡಿಲ್ಲಿ... ಕಿಟಕಿ ಬೆಳಕಿಗೆ ಹಿಡೀಬೇಡ. ಲನ್ಯೇರೊ, ಕೊಡಮ್ಮ.

...ಹತ್ತು. ಹೌದು. ಹತ್ತೇ ಹಾಕಿದ್ದೆ. ಒಂದನ್ನ ಕೆರೆದು ತೆಗೆದೆ, ಉಳಿದಿದ್ದು ಸೊನ್ನೆ. ಹತ್ತು ಕೊಟ್ರೆ, ಪ್ರಶ್ನೇನೇ ತಪ್ಪು ಅಂತ ನಾನೇ ಬರೆದುಕೊಟ್ಟ ಹಾಗಾಗ್ತಿತ್ತು...

ಎಲ್ಲಿಗೆ ಎದ್ದೆ? ತಡಿ!

ನಂಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ ಅಲ್ಲ ಕಣಮ್ಮ. ಕಟ್ಟು ಬಿಚ್ಚಿದಾಗ ಮೇಲಿದ್ದಿದ್ದೇ ನಿನ್ನ ಪತ್ರಿಕೆ. ಉಳಿದ ತೊಂಬತ್ತೆರಡನ್ನ ಇನ್ನೂ ಮುಟ್ಟೇ ಇರ್ಲಿಲ್ಲ. ಸಹಿ ಇರ್ಲಿಲ್ಲ, ಮೊಹರು ಇರ್ಲಿಲ್ಲ, ಸೆನೆಟ್ ಇರ್ಲಿಲ್ಲ. ಆಗ ನಾನೊಬ್ಬನೇ ಇದ್ದಿದ್ದು.