ಅಮ್ಮ ಕೂತಿದ್ದ ಬೆಂಚು

ಸ್ಕ್ಯಾನ್‌ಗೆ ಮುಂಚೆ ಕುಡಿಯಬೇಕಾದ ನೀರನ್ನು ಬಾಟಲಿಗೆ ತುಂಬಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರ ಮಾತು.

"ನಿನಗೆ ಚುಚ್ಚಿದ್ದು ತೋಳಿಗಲ್ವೇನಕ್ಕಾ? ಔಷಧಿ ಮೂಳೆಗೆ ಹೆಂಗೆ ಹೋಗತ್ತೆ?"

"ರೋಗ ಇರೋ ಮೂಳೆನ ಅದೇ ಹುಡುಕ್ಕೊಂಡು ಹೋಗಿ ಕೂರತ್ತಂತೆ."

"ನಿನಗಿಂತ ವಾಸಿ ಬಿಡು. ನೀನು ಮಾರ್ಕೆಟ್ಟಿಗೆ ಹೋದ್ರೂ ದಾರಿ ತಪ್ತೀಯ."

"ಅಮ್ಮನೂ ಔಷಧಿ ಚುಚ್ಚಿಸ್ಕೊಂಡು ಇದೇ ಬೆಂಚಲ್ಲಿ ಕೂತಿದ್ಲು. ನೋಡೋಕೂ ಬರದ ನಮ್ಮಣ್ಣನಿಗೆ ಕಾಗದ ಬರೆದು, ಅಂಚೆಗೆ ಹಾಕು ಅಂತ ಕೊಟ್ಲು. ಸಿಟ್ಟಲ್ಲಿ ನಾನು ಹಾಕ್ಲಿಲ್ಲ."

"ಅಮ್ಮ ಹೋಗಿ ಆರು ವರ್ಷ ಆಯ್ತಲ್ಲಕ್ಕಾ."

"ವಿಳಾಸ ಬರೆದ ಲಕೋಟೆ ಹಂಗೇ ಚೀಲದಲ್ಲಿದೆ. ನಾನೊಬ್ಬಳೇ ಇದ್ರೆ ಸಾಕು, 'ಹಾಕಿದ್ಯೇನೇ' ಅಂತ ಅಮ್ಮ ಪಕ್ಕದಲ್ಲೇ ಕೇಳ್ತಾಳೆ."

"ಸ್ಕ್ಯಾನ್‌ಗೆ ಇನ್ನೂ ಎರಡು ಗಂಟೆ ಇದೆ. ಏಳು, ಗೇಟಿನ ಹತ್ರ ಅಂಚೆ ಡಬ್ಬಿ ಇದೆ."

ಇಬ್ಬರೂ ಎದ್ದು ಹೋದರು. ಕಿಟಕಿಯಿಂದ ನೋಡಿದೆ. ತಂಗಿ ಎಡಕ್ಕೆ ನಿಂತಿದ್ದಳು. ಅಕ್ಕ ಲಕೋಟೆಯನ್ನು ಡಬ್ಬಿಗೆ ಹಾಕಿ, ಯಾರೂ ಇಲ್ಲದ ಬಲಕ್ಕೆ ತಿರುಗಿ, ಹೌದೆಂದು ತಲೆಯಾಡಿಸಿದಳು.